ಮಲಬದ್ಧತೆಗೆ ಪ್ರೋಬಯಾಟಿಕ್: ಯಾವ ತಳಿ, ಎಷ್ಟು ದಿನ, ಯಾರಿಗೆ?

ವಿಜಯಪುರದ ಯಾವುದಾದರೂ ಔಷಧ ಅಂಗಡಿಯ ಮುಂದೆ ಬೆಳಗಿನ ಹೊತ್ತು ಅರ್ಧ ತಾಸು ನಿಂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ: “ನಾಕ ದಿನಾ ಆತ್ರಿ, ಹೊಟ್ಟಿ ಸಾಫ್ ಆಗವಲ್ದು, ಏನರ ಕೊಡ್ರಿ.” ಹಿಂದೆ ಇದಕ್ಕೆ ಉತ್ತರವಾಗಿ ಇಸಬಗೋಲದ ಡಬ್ಬಿಯೋ ಸೋನಾಮುಖಿ ಬೆರೆತ ಚೂರ್ಣವೋ ಬರುತ್ತಿತ್ತು. ಈಗ ಅವುಗಳ ಪಕ್ಕದಲ್ಲಿಯೇ ಪ್ರೋಬಯಾಟಿಕ್ ಕ್ಯಾಪ್ಸೂಲು, ಪುಡಿಯ ಸ್ಯಾಶೆ, ಸಿಹಿಯಾದ ಹುದುಗಿಸಿದ ಹಾಲಿನ ಪುಟ್ಟ ಬಾಟಲಿಗಳೂ ಇವೆ. ಹೊಟ್ಟೆಯೊಳಗಿನ ಒಳ್ಳೆಯ ಜೀವಾಣುಗಳು ಕಡಿಮೆಯಾಗಿವೆ, ಅವನ್ನು ತುಂಬಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ವಿವರಣೆ ಕೇಳಲು ಸರಳವಾಗಿದೆ, ಭೇದಿ ಔಷಧದ ಹಾಗೆ ಭಯವನ್ನೂ ಹುಟ್ಟಿಸುವುದಿಲ್ಲ. ದಿನಗೂಲಿಯಲ್ಲಿ ಬದುಕುವವರೂ ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಇದನ್ನು ಕೊಳ್ಳುತ್ತಿರುವಾಗ, ಆ ವಿವರಣೆಯಲ್ಲಿ ಎಷ್ಟು ನಿಜವಿದೆ ಎಂದು ಸಾವಧಾನವಾಗಿ ನೋಡಬೇಕಾಗಿದೆ.

ಮಲಬದ್ಧತೆ ಎಂದರೇನು ಎಂಬಲ್ಲಿಯೇ ಮೊದಲ ಗೊಂದಲವಿದೆ. ದಿನಕ್ಕೊಮ್ಮೆ, ಅದೂ ಬೆಳಿಗ್ಗೆಯೇ ಹೊಟ್ಟೆ ಖಾಲಿಯಾಗದಿದ್ದರೆ ಅದು ರೋಗವೆಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಆದರೆ ವೈದ್ಯಶಾಸ್ತ್ರದ ಪ್ರಕಾರ ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಹೊಟ್ಟೆ-ಕರುಳಿನ ತೊಂದರೆಗಳನ್ನು ಗುರುತಿಸಲು ತಜ್ಞರು ಬಳಸುವ, 2016ರಲ್ಲಿ ಪ್ರಕಟವಾದ ರೋಮ್ ನಾಲ್ಕನೆಯ ಮಾನದಂಡವು ಆರು ಲಕ್ಷಣಗಳನ್ನು ಹೆಸರಿಸುತ್ತದೆ: ಮುಕ್ಕಬೇಕಾಗುವುದು, ಮಲ ಗಟ್ಟಿಯಾಗಿ ಗಂಟುಗಂಟಾಗಿರುವುದು, ಪೂರ್ತಿ ಹೋಗಿಲ್ಲವೆಂಬ ಭಾವನೆ, ಗುದದ್ವಾರದಲ್ಲಿ ತಡೆಯಿದ್ದಂತೆ ಅನ್ನಿಸುವುದು, ಕೈಯ ನೆರವು ಬೇಕಾಗುವುದು ಮತ್ತು ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ಆಗುವುದು. ಇವುಗಳಲ್ಲಿ ಎರಡಾದರೂ ಕಳೆದ ಮೂರು ತಿಂಗಳಿಂದ ಇರಬೇಕು, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಮೊದಲ ಐದು ಲಕ್ಷಣಗಳು ಕನಿಷ್ಠ ನಾಲ್ಕರಲ್ಲಿ ಒಂದು ಸಲವಾದರೂ ಕಾಣಿಸಿಕೊಳ್ಳುತ್ತಿರಬೇಕು. ಎಣಿಕೆ ಈ ಆರರಲ್ಲಿ ಒಂದು ಮಾತ್ರ. ನಿತ್ಯ ಹೋಗುತ್ತಿದ್ದರೂ ಹತ್ತು ನಿಮಿಷ ಮುಕ್ಕಿ ಬೆವರುವವರಿಗೆ ಮಲಬದ್ಧತೆಯಿದೆ. ಎರಡು ದಿನಕ್ಕೊಮ್ಮೆ ಮೆತ್ತಗೆ, ಸಲೀಸಾಗಿ ಆಗುವವರಿಗೆ ಇಲ್ಲ. ಇಂಥವರು ಯಾವ ಮಾತ್ರೆಯನ್ನೂ ಕೊಳ್ಳಬೇಕಾಗಿಲ್ಲ.

ಇನ್ನು ಪ್ರೋಬಯಾಟಿಕ್ ಎಂಬ ಮಾತು. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿ ಎಂಬುದು 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಹಾಗೂ ಆರೋಗ್ಯ ಸಂಸ್ಥೆಗಳ ತಜ್ಞರು ಕೊಟ್ಟು, 2014ರಲ್ಲಿ ಸ್ವಲ್ಪ ತಿದ್ದುಪಡಿಯಾದ ವ್ಯಾಖ್ಯೆಯ ಸಾರ. ಜೀವಂತವಾಗಿರಬೇಕು, ಪ್ರಮಾಣ ಸಾಲಬೇಕು, ಪ್ರಯೋಜನ ಪ್ರಯೋಗದಲ್ಲಿ ಕಂಡಿರಬೇಕು ಎಂಬ ಮೂರು ಷರತ್ತುಗಳೂ ಇದರಲ್ಲಿ ಸೇರಿವೆ. ವಿಚಾರ ಹೊಸದೇನಲ್ಲ. 1908ರಲ್ಲಿ ನೊಬೆಲ್ ಪಡೆದ ಇಲ್ಯಾ ಮೆಚ್ನಿಕಾಫ್ ಹುಳಿ ಹಾಲಿನ ಜೀವಾಣುಗಳು ಮುಪ್ಪನ್ನು ಮುಂದೂಡುತ್ತವೆ ಎಂದು ವಾದಿಸಿದ್ದರು. ಜಪಾನಿನ ಮಿನೊರು ಶಿರೋಟಾ 1930ರಲ್ಲಿ ಬೇರ್ಪಡಿಸಿದ ಒಂದು ತಳಿ ಐದು ವರ್ಷಗಳ ನಂತರ ಯಾಕುಲ್ಟ್ ಪಾನೀಯವಾಗಿ ಮಾರುಕಟ್ಟೆಗೆ ಬಂತು.

‘ತಳಿ’ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಜೋಳ ಬೆಳೆಯುವ ನಮಗೆ ಇದು ಸುಲಭವಾಗಿ ತಿಳಿಯುವ ವಿಷಯ. ಎಲ್ಲವೂ ಜೋಳವೇ ಆದರೂ ಹಿಂಗಾರಿಗೆ ಬಿತ್ತುವ ಮಾಲದಂಡಿಯ ಗುಣ ಮುಂಗಾರಿನ ಹೈಬ್ರಿಡ್ ಜೋಳಕ್ಕಿಲ್ಲ. ರೊಟ್ಟಿಯ ರುಚಿ ಬೇರೆ, ಕಣಿಕೆ ಬೇರೆ. ಜೀವಾಣುಗಳಲ್ಲಿಯೂ ಹೀಗೆಯೇ. ಬೈಫಿಡೊಬ್ಯಾಕ್ಟೀರಿಯಂ ಎಂಬುದು ಕುಲ, ಲ್ಯಾಕ್ಟಿಸ್ ಎಂಬುದು ಅದರೊಳಗಿನ ಬಗೆ, ಅದರ ಮುಂದೆ ಬರುವ ಅಕ್ಷರ ಮತ್ತು ಅಂಕಿಗಳ ಗುರುತೇ ತಳಿ. ಒಂದು ತಳಿಯ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದರ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. 2020ರಲ್ಲಿ ವಿಜ್ಞಾನಿಗಳು ಹಳೆಯ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದದ್ದರಿಂದ ಒಂದೇ ಜೀವಾಣು ಒಂದು ಡಬ್ಬಿಯ ಮೇಲೆ ಹಳೆಯ ಹೆಸರಿನಲ್ಲಿ, ಇನ್ನೊಂದರ ಮೇಲೆ ಹೊಸ ಹೆಸರಿನಲ್ಲಿ ಕಾಣುವುದುಂಟು. ತಳಿಯ ಗುರುತು ಮಾತ್ರ ಬದಲಾಗುವುದಿಲ್ಲ.

ಈ ಜೀವಾಣುಗಳು ಕರುಳನ್ನು ಚಲಿಸುವಂತೆ ಮಾಡಬಹುದು ಎಂಬ ಊಹೆಗೆ ಆಧಾರವಿದೆ. ದೊಡ್ಡ ಕರುಳಿನಲ್ಲಿ ಮಲ ನಿಂತಷ್ಟೂ ಅದರ ನೀರು ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ. ಜೀವಾಣುಗಳು ನಾರನ್ನು ಹುದುಗಿಸಿದಾಗ ಹುಟ್ಟುವ ಕಿರುಸರಪಳಿಯ ಕೊಬ್ಬಿನಾಮ್ಲಗಳು ಕರುಳಿನ ಗೋಡೆಯನ್ನು ಪ್ರಚೋದಿಸುತ್ತವೆ. ದೇಹದಲ್ಲಿ ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಕರುಳಿನಲ್ಲಿಯೇ ತಯಾರಾಗುವುದರಿಂದ, ಅದರ ಬಿಡುಗಡೆಯಲ್ಲಾಗುವ ಏರಿಳಿತ ಕರುಳಿನ ಅಲೆಯಾಟವನ್ನು ಬದಲಿಸುತ್ತದೆ. ಕೆಲವರ ಕರುಳಿನಲ್ಲಿ ಹೆಚ್ಚಾಗಿ ಬೆಳೆಯುವ ಮೀಥೇನ್ ಉತ್ಪಾದಕ ಸೂಕ್ಷ್ಮಜೀವಿಗಳು ನಿಧಾನ ಚಲನೆಯ ಜೊತೆಗೆ ಕಾಣಿಸಿಕೊಳ್ಳುತ್ತವೆ ಎಂಬುದೂ ದಾಖಲಾಗಿದೆ. ಆದರೂ ಹೀಗಾಗಬಹುದು ಎಂಬ ತರ್ಕ ಬೇರೆ, ಇದನ್ನು ನುಂಗಿದ ಮನುಷ್ಯನಿಗೆ ನಾಳೆ ಬೆಳಿಗ್ಗೆ ಹಗುರವಾಗುತ್ತದೆಯೇ ಎಂಬ ಪ್ರಶ್ನೆ ಬೇರೆ. ಎರಡನೆಯದಕ್ಕೆ ಪ್ರಯೋಗಗಳೇ ಉತ್ತರಿಸಬೇಕು.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2014ರಲ್ಲಿ 14 ಪ್ರಯೋಗಗಳನ್ನು, ಅಂದರೆ 1,182 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಮಲವಿಸರ್ಜನೆ ವಾರಕ್ಕೆ ಸರಾಸರಿ 1.3 ಸಲದಷ್ಟು ಹೆಚ್ಚಿತ್ತು, ಆಹಾರ ಕರುಳನ್ನು ದಾಟುವ ಅವಧಿ ಸುಮಾರು 12 ತಾಸು ಇಳಿದಿತ್ತು. ಈ ಪ್ರಯೋಜನ ಬಹುಮಟ್ಟಿಗೆ ಬೈಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಗುಂಪಿನಿಂದ ಬಂದಿತ್ತು. ಶಿರೋಟಾ ತಳಿಯಿಂದ ಕಾಣಲಿಲ್ಲ. ಅದೇ ತಂಡ 2022ರಲ್ಲಿ ಸುಮಾರು ಎರಡು ಪಟ್ಟು ಪ್ರಯೋಗಗಳನ್ನಿಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗಲೂ ವಾರಕ್ಕೆ ಒಂದು ಸಲದ ಆಸುಪಾಸಿನ ಹೆಚ್ಚಳವೇ ಸಿಕ್ಕಿತು, ಆಗಲೂ ಲ್ಯಾಕ್ಟಿಸ್ ಗುಂಪೇ ಮುಂದಿತ್ತು. ವಾರಕ್ಕೆ ಎರಡೇ ಸಲ ಹೋಗುವವರಿಗೆ ಅದು ಮೂರಾಗುವುದು ಸಣ್ಣ ಮಾತಲ್ಲ. ಆದರೆ ಪ್ರಯೋಗಗಳ ನಡುವೆ ಫಲಿತಾಂಶದ ಅಂತರ ಬಹಳವಿತ್ತು ಎಂಬುದನ್ನು ಜೊತೆಗೇ ಹೇಳಬೇಕು.

ಎಚ್ಎನ್019 ಎಂಬ ಲ್ಯಾಕ್ಟಿಸ್ ತಳಿಯ ಚರಿತ್ರೆ ಈ ಅಂತರಕ್ಕೆ ಒಳ್ಳೆಯ ಉದಾಹರಣೆ. 2011ರಲ್ಲಿ 100 ಜನರ ಮೇಲೆ 14 ದಿನ ನಡೆದ ಪ್ರಯೋಗದಲ್ಲಿ ಅದು ಆಹಾರದ ಸಾಗಣೆಯನ್ನು ಚುರುಕುಗೊಳಿಸಿತ್ತು. 2024ರಲ್ಲಿ ಚೀನಾದ 229 ಮಲಬದ್ಧತೆಯ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಅದೇ ತಳಿಯನ್ನು ಕೊಟ್ಟು ನೋಡಿದಾಗ, ಜೀವಾಣುವಿಲ್ಲದ ತೋರಿಕೆಯ ಪುಡಿ ತೆಗೆದುಕೊಂಡವರಿಗಿಂತ ಅವರು ಗಮನಾರ್ಹವಾಗಿ ಸುಧಾರಿಸಿರಲಿಲ್ಲ. ಮಲಬದ್ಧತೆ ತನ್ನಷ್ಟಕ್ಕೆ ಏರಿಳಿಯುವ ತೊಂದರೆ. ತೀರಾ ಬೇಸತ್ತ ವಾರದಲ್ಲಿಯೇ ನಾವು ಔಷಧ ಶುರುಮಾಡುತ್ತೇವೆ, ಮುಂದಿನ ವಾರ ಹೇಗಿದ್ದರೂ ಕೊಂಚ ಹಗುರವಾಗುವ ಸಂಭವವೇ ಹೆಚ್ಚು, ಮತ್ತು ಆ ಹಗುರದ ಹೆಗ್ಗಳಿಕೆ ಕ್ಯಾಪ್ಸೂಲಿಗೆ ಹೋಗುತ್ತದೆ. ‘ನನಗೆ ಗುಣ ಆತು’ ಎಂದು ನೆರೆಯವರು ಹೇಳಿದರೆ ಅದು ಸುಳ್ಳಲ್ಲ; ಗುಣವಾದದ್ದು ಯಾವುದರಿಂದ ಎಂಬುದು ಅವರಿಗೂ ತಿಳಿದಿರುವುದಿಲ್ಲ.

ಮಾರ್ಗಸೂಚಿಗಳೂ ಇದೇ ಎಚ್ಚರದಿಂದ ಮಾತಾಡುತ್ತವೆ. ಅಮೆರಿಕದ ಜಠರ-ಕರುಳು ತಜ್ಞರ ಎರಡು ಸಂಘಗಳು 2023ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ ನಾರಿನ ಪುಡಿ, ಕರುಳಿನಲ್ಲಿ ನೀರು ಹಿಡಿದು ಮಲವನ್ನು ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲ್ಯಾಕ್ಟುಲೋಸ್, ಮೆಗ್ನೀಸಿಯಂ ಆಕ್ಸೈಡ್, ಸೋನಾಮುಖಿ ಮೊದಲಾದವಿವೆ, ಪ್ರೋಬಯಾಟಿಕ್ ಇಲ್ಲ. 2025ರಲ್ಲಿ ಬಂದ ಬ್ರಿಟನ್ನಿನ ಆಹಾರ ತಜ್ಞರ ಮಾರ್ಗಸೂಚಿ ಮಾತ್ರ ಇಸಬಗೋಲ, ಮೆಗ್ನೀಸಿಯಂ ಆಕ್ಸೈಡ್, ಕಿವಿ ಹಣ್ಣುಗಳ ಜೊತೆಗೆ ಕೆಲವು ಪ್ರೋಬಯಾಟಿಕ್ ತಳಿಗಳಿಗೂ ಜಾಗ ಕೊಟ್ಟಿದೆ. ಕೆಲವು ತಳಿಗಳಿಂದ ಕೆಲವರಿಗೆ ಸಾಧಾರಣ ಪ್ರಯೋಜನ ಆಗಬಹುದು ಎಂಬುದಕ್ಕಿಂತ ಮುಂದೆ ಹೋಗಲು ಇವತ್ತಿನ ಪುರಾವೆ ಬಿಡುವುದಿಲ್ಲ ಎಂಬುದು ನನ್ನ ತೀರ್ಮಾನ. ಮೊದಲ ಮದ್ದಾಗಿ ಅದನ್ನು ಕೊಳ್ಳುವುದಕ್ಕಂತೂ ಕಾರಣ ಕಾಣುವುದಿಲ್ಲ.

ಅಂಗಡಿಯಲ್ಲಿ ನಡೆಯುವ ಇನ್ನೊಂದು ಅದಲುಬದಲನ್ನು ಇಲ್ಲಿ ಹೇಳಲೇಬೇಕು. ಮಕ್ಕಳಿಗೆ ಭೇದಿಯಾದಾಗ ಕೊಡುವ ಬ್ಯಾಸಿಲಸ್ ಕ್ಲಾಸಿಯ ಪುಟ್ಟ ಪ್ಲಾಸ್ಟಿಕ್ ಬಾಟಲಿ, ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟಿನ ಸ್ಯಾಶೆ ನಮ್ಮಲ್ಲಿ ಬಹುತೇಕ ಎಲ್ಲ ಅಂಗಡಿಗಳಲ್ಲಿವೆ. ಇವುಗಳ ಮೇಲಿನ ಅಧ್ಯಯನಗಳು ಹೆಚ್ಚಾಗಿ ಭೇದಿಗೆ ಸಂಬಂಧಪಟ್ಟವು. ‘ಹೊಟ್ಟೆಗೆ ಒಳ್ಳೆಯದು’ ಎಂಬ ಒಂದೇ ಮಾತಿನ ಮೇಲೆ ಅವನ್ನು ಮಲಬದ್ಧತೆಗೂ ಕೊಡುವುದು, ಒಂದು ಬೀಗದ ಕೀಲಿಯನ್ನು ಇನ್ನೊಂದಕ್ಕೆ ಹಾಕಿ ತಿರುವಿದ ಹಾಗೆ.

ಹಾಗಾದರೆ ನಮ್ಮ ಮಜ್ಜಿಗೆ? ನುಚ್ಚಿನ ಮೇಲೆ ಸುರಿದುಕೊಳ್ಳುವ, ಆರಿದ ಅಂಬಲಿಗೆ ಬೆರೆಸುವ, ರೊಟ್ಟಿ ಬುತ್ತಿಯ ಜೊತೆ ಹೊಲಕ್ಕೆ ಹೋಗುವ ಮಜ್ಜಿಗೆ ಪ್ರೋಬಯಾಟಿಕ್ ಅಲ್ಲವೇ ಎಂದು ಕೇಳುವವರು ಬಹಳ ಮಂದಿ. ಮನೆಯ ಹೆಪ್ಪಿನಲ್ಲಿ ಹಾಲನ್ನು ಹುಳಿಗೊಳಿಸುವ ಜೀವಾಣುಗಳು ಕೋಟಿಗಟ್ಟಲೆ ಇರುವುದು ನಿಜ. ಆದರೆ ಅವು ಯಾವುವು, ಎಷ್ಟು ಎಂಬುದು ಮನೆಯಿಂದ ಮನೆಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಬದಲಾಗುತ್ತದೆ. ಜಠರದ ಆಮ್ಲವನ್ನು ದಾಟಿ ದೊಡ್ಡ ಕರುಳಿನವರೆಗೆ ಬದುಕಿ ತಲುಪುವ ಗುಣವೂ ಎಲ್ಲಕ್ಕೂ ಇಲ್ಲ. ಆದ್ದರಿಂದ ಕಟ್ಟುನಿಟ್ಟಾದ ವ್ಯಾಖ್ಯೆಯಲ್ಲಿ ಮೊಸರು, ಮಜ್ಜಿಗೆ ಹುದುಗಿಸಿದ ಆಹಾರಗಳೇ ಹೊರತು ಪ್ರೋಬಯಾಟಿಕ್ ಔಷಧವಲ್ಲ. ಕುದಿಸಿದ ಮಜ್ಜಿಗೆ ಸಾರಿನಲ್ಲಿ ಬದುಕಿರುವ ಜೀವಾಣುಗಳಂತೂ ಉಳಿಯುವುದಿಲ್ಲ, ಅಂಬಲಿ ಆರಿದ ಮೇಲೆ ಬೆರೆಸಿದ ಮಜ್ಜಿಗೆಯಲ್ಲಿ ಉಳಿಯುತ್ತವೆ. ಇಷ್ಟು ಹೇಳಿಯೂ ಮಜ್ಜಿಗೆಯ ಪರವಾಗಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಎಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ನೆಲದಲ್ಲಿ ಅದು ದೇಹಕ್ಕೆ ನೀರು, ಉಪ್ಪು, ಪ್ರೋಟೀನು ಮೂರನ್ನೂ ಕೊಡುತ್ತದೆ. ಸಿಹಿ ಬೆರೆಸಿದ ಬಾಟಲಿಯ ಪಾನೀಯ ಸಕ್ಕರೆ ಕಾಯಿಲೆಯವರಿಗೆ ಕೊಡುವ ತೊಂದರೆಯನ್ನು ಮಜ್ಜಿಗೆ ಕೊಡುವುದಿಲ್ಲ. ರಕ್ತದೊತ್ತಡವಿದ್ದವರು ಅದಕ್ಕೆ ಉಪ್ಪು ಹಾಕದಿದ್ದರಾಯಿತು.

ಆ ಬಿಸಿಲಿಗೆ ಸಂಬಂಧಿಸಿದ ಇನ್ನೊಂದು ವಿಷಯ ಅಂಗಡಿಯ ಕಪಾಟಿನದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪ್ರೋಬಯಾಟಿಕ್ ಎಂದು ಮಾರುವ ಆಹಾರದ ಒಂದು ದಿನದ ಪ್ರಮಾಣದಲ್ಲಿ ಸಾಮಾನ್ಯವಾಗಿ ಕನಿಷ್ಠ 10 ಕೋಟಿ ಜೀವಂತ ಜೀವಾಣುಗಳಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿ ಕುಲ, ಬಗೆ, ತಳಿಗಳನ್ನೂ, ಬಳಕೆಯ ಅವಧಿ ಮುಗಿಯುವ ದಿನ ಎಷ್ಟು ಜೀವಾಣು ಉಳಿದಿರುತ್ತವೆ ಎಂಬುದನ್ನೂ, ಎಲ್ಲಿಡಬೇಕು ಎಂಬುದನ್ನೂ ಲೇಬಲಿನಲ್ಲಿ ಬರೆಯಬೇಕೆನ್ನುತ್ತದೆ. ಬೈಫಿಡೊಬ್ಯಾಕ್ಟೀರಿಯಂಗಳು ಶಾಖಕ್ಕೆ ಬೇಗ ಸಾಯುವಂಥವು. ಬೀಜಾಣು ಕಟ್ಟುವ ಬ್ಯಾಸಿಲಸ್‌ಗಳು ಮಾತ್ರ ಶಾಖವನ್ನು ತಾಳುತ್ತವೆ. ಅಂದರೆ ಮಲಬದ್ಧತೆಗೆ ಹೆಚ್ಚು ಪುರಾವೆಯಿರುವ ಗುಂಪೇ ಶಾಖಕ್ಕೆ ಹೆಚ್ಚು ಸೂಕ್ಷ್ಮವಾದದ್ದು. ಮಧ್ಯಾಹ್ನದ ಹೊತ್ತು ಕರೆಂಟು ಹೋಗುವ ಊರಿನಲ್ಲಿ, ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಕೂತ ಡಬ್ಬಿಯಲ್ಲಿ ಬರೆದಷ್ಟು ಜೀವಾಣುಗಳು ಉಳಿದಿರುತ್ತವೆಂದು ನಂಬುವುದು ಕಷ್ಟ. ಫ್ರಿಜ್ಜಿನಲ್ಲಿಡಬೇಕೆಂದು ಬರೆದಿದ್ದರೆ ಅಂಗಡಿಯವರು ಅದನ್ನು ಎಲ್ಲಿಂದ ತೆಗೆದು ಕೊಡುತ್ತಾರೆ ಎಂದು ನೋಡಿಯೇ ಕೊಳ್ಳಬೇಕು.

ಈಗ ತಾಟಿನ ಮಾತಿಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಸಜ್ಜೆ ಮತ್ತು ಗೋಧಿ ಹಿಟ್ಟಿನಲ್ಲಿ 11 ಗ್ರಾಂಗಿಂತ ತುಸು ಹೆಚ್ಚು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ ನಾರಿದೆ. ತಲಾ ಅರವತ್ತು ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ ತಿಂದವರಿಗೆ 12 ಗ್ರಾಂ ನಾರು ಸಿಕ್ಕರೆ, ಅಷ್ಟೇ ತೂಕದ ಅಕ್ಕಿಯ ಅನ್ನ ಉಂಡವರಿಗೆ ಅದರ ಮೂರನೆಯ ಒಂದು ಪಾಲೂ ಸಿಗುವುದಿಲ್ಲ. ಜೋಳ, ಸಜ್ಜೆ, ಮಡಿಕೆ ಕಾಳು, ಪುಂಡಿ ಪಲ್ಯ, ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಸೌತೆಕಾಯಿ ಇದ್ದ ತಾಟಿನಲ್ಲಿ ಅನ್ನ ದಿನೇದಿನೇ ದೊಡ್ಡದಾಗುತ್ತ ಬಂದದ್ದು ನಮ್ಮ ಕಣ್ಣೆದುರಿನ ಬದಲಾವಣೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಬಡವರ ಹಸಿವನ್ನು ತಗ್ಗಿಸಿದ ಯೋಜನೆ, ಅದನ್ನು ದೂರುವ ಮಾತೇ ಇಲ್ಲ. ಆದರೆ ರೊಟ್ಟಿ ಬಡಿಯಲು ಬೇಕಾದ ಹೊತ್ತು ಮತ್ತು ತೋಳ್ಬಲ, ಏರಿದ ಜೋಳದ ಬೆಲೆ ಇವೆಲ್ಲ ಸೇರಿ ಅಕ್ಕಿಯನ್ನೇ ಸುಲಭದ ಆಯ್ಕೆಯಾಗಿಸಿದವು. ಬೇಕರಿಯ ಬಿಸ್ಕೀಟು, ಖಾರಿ, ಬ್ರೆಡ್ಡುಗಳ ಮೈದಾ ಉಳಿದ ಜಾಗವನ್ನು ತುಂಬಿತು.

ಇಲ್ಲಿಯೂ ಅತಿಯಾಗಿ ಹೇಳುವಂತಿಲ್ಲ. ನಾರಿನ ಆಹಾರ ಹೆಚ್ಚಿಸಿ ಎಂಬ ಸಾಮಾನ್ಯ ಸಲಹೆಯೊಂದರಿಂದಲೇ ದೀರ್ಘಕಾಲದ ಮಲಬದ್ಧತೆ ವಾಸಿಯಾಗುತ್ತದೆ ಎನ್ನಲು ಸಾಕಷ್ಟು ಪ್ರಯೋಗಗಳ ಬೆಂಬಲವಿಲ್ಲ ಎಂದು 2025ರ ಮಾರ್ಗಸೂಚಿಯೇ ಹೇಳುತ್ತದೆ. ಹೃದಯಕ್ಕೆ, ರಕ್ತದ ಸಕ್ಕರೆಗೆ ಅದರಿಂದಾಗುವ ಲಾಭ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುವುದು ಆ ಕಾರಣಕ್ಕೆ. ಮಲಬದ್ಧತೆಗೆ ಪ್ರಯೋಗದಲ್ಲಿ ಗೆದ್ದ ನಾರು ಇಸಬಗೋಲ. ಅದೂ ದಿನಕ್ಕೆ 10 ಗ್ರಾಂಗಿಂತ ಹೆಚ್ಚು, ಕನಿಷ್ಠ ನಾಲ್ಕು ವಾರ ತೆಗೆದುಕೊಂಡಾಗ ಫಲ ಸ್ಪಷ್ಟವಾಗುತ್ತದೆ. ದೊಡ್ಡ ಚಮಚದ ತುಂಬ ತೆಗೆದರೆ ಸುಮಾರು 5 ಗ್ರಾಂ ಆಗುತ್ತದೆ. ನಮ್ಮಲ್ಲಿ ಹೆಚ್ಚಿನವರು ರಾತ್ರಿ ಒಂದು ಸಣ್ಣ ಚಮಚ ಹಾಕಿಕೊಂಡು, ಮೂರು ದಿನ ನೋಡಿ, ‘ನಡಿಯಂಗಿಲ್ಲ’ ಎಂದು ಡಬ್ಬಿಯನ್ನು ಮೂಲೆಗಿಡುತ್ತಾರೆ. ಸ್ವಲ್ಪದಿಂದ ಶುರುಮಾಡಿ ವಾರದಲ್ಲಿ ಏರಿಸಿದರೆ ಹೊಟ್ಟೆಯುಬ್ಬರ ಕಡಿಮೆ. ತುಂಬಿದ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿಯಬೇಕು, ಏಕೆಂದರೆ ನೀರು ಕಡಿಮೆಯಾದರೆ ಅದು ಗಂಟಲಿನಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳಬಹುದು. ಥೈರಾಯ್ಡ್ ಮುಂತಾದ ಮಾತ್ರೆಗಳಿಂದ ಕೆಲವು ತಾಸು ದೂರವಿಡಬೇಕು.

ವಿಜಯಪುರದವರಾಗಿ ಒಣದ್ರಾಕ್ಷಿಯ ಬಗ್ಗೆ ಹೇಳದೆ ಹೋಗಲಾಗದು. ತಿಕೋಟಾ ಸುತ್ತಿನ ಶೆಡ್ಡುಗಳಲ್ಲಿ ಒಣಗುವ ದ್ರಾಕ್ಷಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ತಿನ್ನುವ ಪದ್ಧತಿ ಹಳೆಯದು. ಆದರೆ ಪ್ರಯೋಗಗಳಲ್ಲಿ ಹೆಸರು ಮಾಡಿದ್ದು ಒಣ ಪ್ಲಮ್, ಅದರಲ್ಲಿ ಕರುಳಿಗೆ ನೀರು ಸೆಳೆಯುವ ಸಾರ್ಬಿಟಾಲ್ ಹೇರಳವಾಗಿದೆ. ದ್ರಾಕ್ಷಿಯಲ್ಲಿ ಅದು ಬಹುತೇಕ ಇಲ್ಲ. ತಿನ್ನುವುದರಿಂದ ಕೇಡಿಲ್ಲ, ಸಕ್ಕರೆ ಕಾಯಿಲೆಯವರು ಮಾತ್ರ ಅಳತೆ ನೋಡಬೇಕು. ನೂರು ಗ್ರಾಂಗೆ ಎಂಟು ಗ್ರಾಂಗೂ ಹೆಚ್ಚು ನಾರಿರುವ ಪೇರಲ ಅದಕ್ಕಿಂತ ಅಗ್ಗದ, ಉತ್ತಮ ಹಣ್ಣು.

ಔಡಲ ಎಣ್ಣೆ, ಸೋನಾಮುಖಿ ಚೂರ್ಣಗಳು ತಾತ್ಕಾಲಿಕ ಪರಿಹಾರ ಕೊಡುತ್ತವೆ. ನಿತ್ಯದ ಅಭ್ಯಾಸವಾಗುವ ಮೊದಲು ವೈದ್ಯರನ್ನು ಕಾಣುವುದು ಮೇಲು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಗೆ ಮಲಬದ್ಧತೆಯಲ್ಲಿ ಬಹಳ ಬಲವಾದ ಪುರಾವೆಯಿದ್ದರೂ ಅದರ ಹೆಸರು ಕೇಳಿದವರು ಇಲ್ಲಿ ಕಡಿಮೆ.

ಎಷ್ಟೋ ಸಲ ಕಾರಣ ಮನೆಯ ಔಷಧದ ಡಬ್ಬಿಯಲ್ಲಿಯೇ ಇರುತ್ತದೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳು, ಅಮಿಟ್ರಿಪ್ಟಿಲಿನ್, ಟ್ರಾಮಡಾಲ್‌ನಂಥ ನೋವಿನ ಔಷಧ ಇವೆಲ್ಲ ಕರುಳನ್ನು ನಿಧಾನಗೊಳಿಸಬಲ್ಲವು. ತಾನಾಗಿ ಅವನ್ನು ನಿಲ್ಲಿಸದೆ, ಬರೆದುಕೊಟ್ಟವರನ್ನೇ ಕೇಳಬೇಕು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಗಳೂ ಹೀಗೆ ಕಾಣಿಸಿಕೊಳ್ಳಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಒಂದಿದ್ದರೂ ಪ್ರೋಬಯಾಟಿಕ್ ಪ್ರಯೋಗಕ್ಕೆ ತಿಂಗಳು ಕಳೆಯಬಾರದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದೇ ತಾಸಿನಲ್ಲಿ ಆಸ್ಪತ್ರೆ ಸೇರಬೇಕು. ಆರೋಗ್ಯವಂತರಿಗೆ ಪ್ರೋಬಯಾಟಿಕ್ ಹೆಚ್ಚಾಗಿ ನಿರಪಾಯಕಾರಿ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ, ಗಂಭೀರವಾಗಿ ಕಾಯಿಲೆಬಿದ್ದವರಿಗೆ ಹಾಗಲ್ಲ. ತೀವ್ರ ಮೇದೋಜೀರಕ ಉರಿಯೂತದ ರೋಗಿಗಳ ಮೇಲೆ ನೆದರ್ಲೆಂಡ್ಸಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರೋಬಯಾಟಿಕ್ ಪಡೆದವರಲ್ಲಿ ನೂರಕ್ಕೆ 16, ಪಡೆಯದವರಲ್ಲಿ 6 ಮಂದಿ ತೀರಿಕೊಂಡರು.

ಯಾವ ಜೀವಾಣುವೂ ಮುಟ್ಟಲಾಗದ ಎರಡು ಕಾರಣಗಳು ಉಳಿದಿವೆ. ಒಂದು, ಮುಕ್ಕುವಾಗ ಸಡಿಲಾಗಬೇಕಾದ ಗುದದ ಸ್ನಾಯುಗಳು ಬಿಗಿಯುವ ತೊಂದರೆ. ದೀರ್ಘಕಾಲದ ಮಲಬದ್ಧತೆಯಿಂದ ತಜ್ಞರ ಬಳಿ ಬರುವವರಲ್ಲಿ ಇದು ವಿರಳವೇನಲ್ಲ. ಇಂಥವರಿಗೆ ನಾರು ಹೆಚ್ಚಿಸಿದರೆ ಹೊಟ್ಟೆಯುಬ್ಬರವೇ ಹೆಚ್ಚಬಹುದು. ಬಯೋಫೀಡ್‌ಬ್ಯಾಕ್ ಎಂಬ ಸ್ನಾಯು ತರಬೇತಿಯೇ ಇದಕ್ಕೆ ಚಿಕಿತ್ಸೆ.

ಇನ್ನೊಂದು ನಮ್ಮ ಹೆಣ್ಣುಮಕ್ಕಳದು. ಮಲಬದ್ಧತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಎಂದು ಜಗತ್ತಿನ ಸಮೀಕ್ಷೆಗಳು ಹೇಳುವಾಗ ಹಾರ್ಮೋನು, ಹೆರಿಗೆ ಮೊದಲಾದ ಕಾರಣಗಳ ಪಟ್ಟಿ ಬರುತ್ತದೆ. ಕತ್ತಲಾಗುವವರೆಗೆ ತಡೆದುಕೊಂಡು, ಚರಗಿ ಹಿಡಿದು ಊರ ಹೊರಗೆ ಹೋಗುತ್ತಿದ್ದ ತಲೆಮಾರುಗಳ ಅಭ್ಯಾಸವನ್ನು ನಾವು ಅದಕ್ಕೆ ಸೇರಿಸಿಕೊಳ್ಳಬೇಕು. ಮನೆಮನೆಗೆ ಶೌಚಾಲಯ ಬಂದ ಮೇಲೂ ಕಬ್ಬು ಕಡಿಯಲು, ದ್ರಾಕ್ಷಿ ತೋಟಕ್ಕೆ, ಸಂತೆಗೆ ಹೋದವರಿಗೆ ದಿನವಿಡೀ ಜಾಗವಿಲ್ಲ; ಜಾಗವಿದ್ದ ಕಡೆ ನೀರಿಲ್ಲ ಅಥವಾ ಬಾಗಿಲಿಗೆ ಅಗಳಿಯಿಲ್ಲ. ಆದ್ದರಿಂದ ಅವರು ನೀರನ್ನೇ ಕಡಿಮೆ ಕುಡಿಯುತ್ತಾರೆ. ಬೆಳಗಿನ ಚಹಾದ ನಂತರ ಕರುಳು ತಾನಾಗಿ ಕೊಡುವ ಕರೆಯನ್ನು, ಅಡುಗೆ, ಮಕ್ಕಳ ಬುತ್ತಿ, ಬಸ್ಸಿನ ಹೊತ್ತು ಎಂದು ದಿನವೂ ಮುಂದೂಡುತ್ತ ಹೋದರೆ ಗುದನಾಳ ಹಿಗ್ಗಿ, ಆ ಕರೆಯ ಅರಿವೇ ಮಂದವಾಗುತ್ತದೆ. ಇಂಥ ಹೆಣ್ಣುಮಗಳು ಸ್ಯಾಶೆ ಕೇಳಿಕೊಂಡು ಅಂಗಡಿಗೆ ಬಂದಾಗ ಅವಳಿಗೆ ಮೊದಲು ಬೇಕಾದದ್ದು ಬೆಳಿಗ್ಗೆ ಯಾರೂ ಕರೆಯದ ಹದಿನೈದು ನಿಮಿಷ, ಮತ್ತು ಅವಳು ದುಡಿಯುವ ಜಾಗದಲ್ಲಿ ನೀರು ಹಾಗೂ ಅಗಳಿಯಿರುವ ಒಂದು ಶೌಚಾಲಯ.

ಇದೆಲ್ಲ ಸರಿಪಡಿಸಿ, ಇಸಬಗೋಲವನ್ನು ಪೂರ್ತಿ ಅಳತೆಯಲ್ಲಿ ಒಂದು ತಿಂಗಳು ತೆಗೆದುಕೊಂಡ ಮೇಲೂ ಪ್ರೋಬಯಾಟಿಕ್ ನೋಡಬೇಕೆನ್ನುವವರು ತಳಿಯ ಗುರುತಿರುವ ಒಂದೇ ಉತ್ಪನ್ನವನ್ನು, ಡಬ್ಬಿಯಲ್ಲಿ ಬರೆದ ಪ್ರಮಾಣದಲ್ಲಿ, ನಾಲ್ಕು ವಾರ ತೆಗೆದುಕೊಳ್ಳಲಿ. ಶುರುಮಾಡುವ ಎರಡು ವಾರ ಮೊದಲಿನಿಂದಲೇ ಕ್ಯಾಲೆಂಡರಿನ ಮೇಲೆ ಹೋದ ದಿನಗಳನ್ನೂ ಮುಕ್ಕಬೇಕಾದ ದಿನಗಳನ್ನೂ ಗುರುತು ಹಾಕಿಕೊಳ್ಳಲಿ. ತಿಂಗಳ ಕೊನೆಗೆ ಆ ಗುರುತುಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಎರಡನೆಯ ಡಬ್ಬಿಯನ್ನು ಕೊಳ್ಳಬೇಕಾಗಿಲ್ಲ.